ಕಿವಿಗೆ ತಕ್ಕ ಇಯರ್‌ಬಡ್



ಕನ್ನಡದಲ್ಲಿ ‘ಕಿವಿಗೊಡು’ ಎಂಬ ಸೊಗಸಾದ ಮಾತೊಂದುಂಟು. ಮನಸ್ಸಿಟ್ಟು ಕೇಳು ಎಂದು ಅದರ ಅರ್ಥ. ಬಹಳ ತಿಳಿದವನನ್ನು ನಮ್ಮ ಹಿರಿಯರು ‘ಬಹುಶ್ರುತ’ನೆಂದು ಕರೆದರು, ಬಹಳವಾಗಿ ಕೇಳಿದವನು ಎಂಬುದೇ ಆ ಶಬ್ದದ ಅರ್ಥ. ವಿದ್ಯೆಯು ಕಿವಿಯ ಬಾಗಿಲಿನಿಂದಲೂ ಒಳಗೆ ಬರುವುದೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಹೀಗೆ ಹಲವು ನುಡಿಗಳ ನಡುವೆ ಬೆಳೆಯುವ ಮುಂಬಯಿಯ ಕನ್ನಡ ಮಕ್ಕಳಾದ ನಿಮಗಂತೂ ಈ ಮಾತು ಹೆಚ್ಚಾಗಿ ಒಪ್ಪುವುದು. ಈ ನುಡಿಗಳಲ್ಲಿ ಬಹುಪಾಲನ್ನು ನೀವು ಪುಸ್ತಕ ತೆರೆಯುವುದಕ್ಕೆ ಮೊದಲೇ ಕಿವಿಯಿಂದ ಕಲಿತಿರಿ.

ಈಚೆಗೆ ಎಂಟನೆಯ ತರಗತಿಯ ಕೆಲವರು ನಮ್ಮ ಬಳಿಗೆ ಬಂದು, “ಸರ್, ಕಡಿಮೆ ಬೆಲೆಗೆ ಒಳ್ಳೆಯ ಇಯರ್‌ಬಡ್ ಯಾವುದು?” ಎಂದು ಕೇಳಿದರು. ಯಾವುದಾದರೊಂದು ಕಂಪನಿಯ ಹೆಸರು ಹೇಳಿ ಅವರನ್ನು ಕಳುಹಿಸುವುದು ಸುಲಭವಾಗಿತ್ತು. ಆದರೆ ಅಂಗಡಿಯಲ್ಲಿನ ಹೆಸರುಗಳು ಕೆಲವೇ ತಿಂಗಳಿಗೆ ಬದಲಾಗುತ್ತವೆ. ಕಿವಿಗಳಾದರೋ ಹುಟ್ಟಿನಿಂದ ಕೊನೆಯವರೆಗೆ ಅವೇ ಎರಡು. ಆದುದರಿಂದ ಹೆಸರನ್ನು ಹೇಳುವ ಬದಲು ಆರಿಸುವ ಬಗೆಯನ್ನು ಹೇಳಿಕೊಡುವುದು ಮೇಲೆಂದು ನಮಗೆ ತೋರಿತು. ಈ ಪಾಠವನ್ನು ಬರೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ನಾವೇ ಮಾಡಿದ ಒಂದು ತಪ್ಪು. ಅದನ್ನು ಮುಂದೆ ತಕ್ಕ ಸ್ಥಳದಲ್ಲಿ ಹೇಳುವೆವು.

1. ಕಿವಿಯು ಕೇಳುವ ಬಗೆ

ಶಬ್ದವೆಂದರೆ ಗಾಳಿಯಲ್ಲಿ ಏಳುವ ಅಲೆ. ಆ ಅಲೆಯು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳವನ್ನು ಹಾದು ಒಳಗಿನ ತಮಟೆಯನ್ನು ತಟ್ಟುವುದು. ತಮಟೆಯ ಹಿಂದೆ ಮೂರು ಎಲುಬುಗಳಿವೆ. ಆಕಾರಕ್ಕೆ ತಕ್ಕಂತೆ ಅವುಗಳಿಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಹೆಸರು. ರಿಕಾಪು ನಮ್ಮ ದೇಹದಲ್ಲಿಯೇ ಅತಿ ಚಿಕ್ಕ ಎಲುಬು. ಈ ಮೂರೂ ತಮಟೆಯ ಅದಿರನ್ನು ಒಳಕಿವಿಗೆ ದಾಟಿಸುವುವು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯ ಎಂಬ ಅಂಗವಿದೆ. ಅದರೊಳಗೆ ದ್ರವ ತುಂಬಿರುವುದು. ಆ ದ್ರವದ ಅಲುಗಾಟವನ್ನು ಅರಿತು ನರದ ಮೂಲಕ ಮಿದುಳಿಗೆ ಸುದ್ದಿ ಕಳುಹಿಸುವ ಕೆಲಸಕ್ಕೆ ಪ್ರತಿಯೊಂದು ಕಿವಿಯಲ್ಲಿಯೂ ಸುಮಾರು 15,000 ರೋಮಕೋಶಗಳು ನಿಯಮಿತವಾಗಿವೆ.

ನಮ್ಮ ಪಾಠದ ಸಾರವೆಲ್ಲ ಈ ರೋಮಕೋಶಗಳಲ್ಲಿದೆ. ಆಟದ ಬಯಲಿನ ಹುಲ್ಲನ್ನು ನೀವು ಕಂಡಿರುವಿರಿ. ಒಮ್ಮೆ ತುಳಿದರೆ ಬಾಗಿ ಮತ್ತೆ ಏಳುವುದು. ದಿನವೂ ಅದೇ ಜಾಗದಲ್ಲಿ ತುಳಿದರೆ ಹುಲ್ಲು ಹೋಗಿ ಬರಿಯ ಮಣ್ಣು ಉಳಿಯುವುದು. ರೋಮಕೋಶಗಳೂ ಹೀಗೆಯೇ. ಗಣೇಶೋತ್ಸವದ ಮೆರವಣಿಗೆಯ ಧ್ವನಿವರ್ಧಕಗಳ ಬಳಿ ನಿಂತು ಮನೆಗೆ ಬಂದ ಮೇಲೆ ಕಿವಿಯಲ್ಲಿ ‘ಗುಂಯ್’ ಎನ್ನುವುದೂ ಮಾತು ಮಂದವಾಗಿ ಕೇಳುವುದೂ ನಿಮ್ಮ ಅನುಭವಕ್ಕೆ ಬಂದಿರಬಹುದು. ಮರುದಿನಕ್ಕೆ ಅದು ಸರಿಹೋದರೆ ಹುಲ್ಲು ಎದ್ದಿತೆಂದು ತಿಳಿಯಬೇಕು. ಮತ್ತೆ ಮತ್ತೆ ಹೀಗಾದರೆ ಅದು ಏಳುವುದಿಲ್ಲ. ಹಕ್ಕಿಗಳಲ್ಲಿ ನಾಶವಾದ ರೋಮಕೋಶಗಳು ಮತ್ತೆ ಬೆಳೆಯುತ್ತವೆ. ಮನುಷ್ಯನಲ್ಲಿ ಬೆಳೆಯುವುದಿಲ್ಲ. ಹಾಲುಹಲ್ಲು ಬಿದ್ದರೆ ಇನ್ನೊಂದು ಹಲ್ಲು ಬರುವಂತೆ ಎರಡನೆಯ ಶ್ರವಣಶಕ್ತಿ ಬರುವುದಿಲ್ಲವೆಂಬುದನ್ನು ನೆನಪಿಡಿರಿ.

2. ಶಬ್ದದ ಲೆಕ್ಕ

ಶಬ್ದದ ಬಲವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುವರು. ಪಿಸುಮಾತು ಸುಮಾರು 30 ಡೆಸಿಬೆಲ್. ಇಬ್ಬರು ಕುಳಿತು ಆಡುವ ಮಾತು ಸುಮಾರು 60. ವಾಹನಗಳಿಂದ ತುಂಬಿದ ದೊಡ್ಡ ರಸ್ತೆಯ ಗದ್ದಲ ಸುಮಾರು 80ರಿಂದ 85. ಕಿವಿಯಲ್ಲಿಡುವ ಸಾಧನಗಳಲ್ಲಿ ಧ್ವನಿಯನ್ನು ಪೂರ್ತಿ ಏರಿಸಿದರೆ ಕೆಲವು 100 ಡೆಸಿಬೆಲನ್ನೂ ದಾಟಬಲ್ಲವು.

ಈ ಮಾನದಲ್ಲಿ ಒಂದು ವಿಶೇಷವಿದೆ. ಡೆಸಿಬೆಲ್ ಮೂರು ಹೆಚ್ಚಿದರೆ ಶಬ್ದದ ಶಕ್ತಿ ಇಮ್ಮಡಿಯಾಗುವುದು. ಆದುದರಿಂದ ಮೂರು ಡೆಸಿಬೆಲ್ ಏರಿದ ಕೂಡಲೇ ನಾವು ನಿರ್ಭಯವಾಗಿ ಕೇಳಬಹುದಾದ ಕಾಲ ಅರ್ಧಕ್ಕೆ ಇಳಿಯುವುದು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಕೂಡಿ 2018ರಲ್ಲಿ ರೂಪಿಸಿದ ಮಾನಕದಲ್ಲಿ ಇದಕ್ಕೊಂದು ಮಿತಿಯನ್ನು ಹೇಳಿದೆ. ದೊಡ್ಡವರು ವಾರಕ್ಕೆ 80 ಡೆಸಿಬೆಲಿನಲ್ಲಿ 40 ಗಂಟೆ ಕೇಳಬಹುದು. ಮಕ್ಕಳ ಕಿವಿಗಳನ್ನು ಹೆಚ್ಚು ಜೋಪಾನ ಮಾಡಬೇಕಾದುದರಿಂದ ಅವರಿಗೆ 75 ಡೆಸಿಬೆಲಿನಲ್ಲಿ 40 ಗಂಟೆ. ಇದರಿಂದ ಹೊರಟು ಮಕ್ಕಳ ಲೆಕ್ಕವನ್ನು ಬಿಡಿಸೋಣ:

75 ಡೆಸಿಬೆಲ್ — ವಾರಕ್ಕೆ 40 ಗಂಟೆ
78 ಡೆಸಿಬೆಲ್ — 20 ಗಂಟೆ
81 ಡೆಸಿಬೆಲ್ — 10 ಗಂಟೆ
84 ಡೆಸಿಬೆಲ್ — 5 ಗಂಟೆ
87 ಡೆಸಿಬೆಲ್ — ಎರಡೂವರೆ ಗಂಟೆ
90 ಡೆಸಿಬೆಲ್ — ಒಂದೂಕಾಲು ಗಂಟೆ

ಈಗ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿರಿ. ಅವನು ದಿನವೂ ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ ಲೋಕಲ್ ರೈಲಿನಲ್ಲಿ ಹಾಡು ಕೇಳುತ್ತಾನೆ. ವಾರಕ್ಕೆ ಆರು ದಿನವಾದರೆ ಆರು ಗಂಟೆಯಾಯಿತು. ರೈಲಿನ ಗದ್ದಲವನ್ನು ಮೀರಿಸಲು ಅವನು ಧ್ವನಿಯನ್ನು 84 ಡೆಸಿಬೆಲಿಗೆ ಏರಿಸಿದನೆಂದಿಟ್ಟುಕೊಳ್ಳೋಣ. ಅವನಿಗೆ ಸಲ್ಲುವುದು ಐದು ಗಂಟೆ. ಮನೆಯಲ್ಲಿ ಒಂದು ಹಾಡನ್ನೂ ಕೇಳದಿದ್ದರೂ ಅವನು ಮಿತಿಯನ್ನು ದಾಟಿದನು. ಅದೇ ಹುಡುಗನು ಆರು ಡೆಸಿಬೆಲ್ ತಗ್ಗಿಸಿ 78ರಲ್ಲಿ ಕೇಳಿದರೆ ಅವನಿಗೆ 20 ಗಂಟೆ ಸಲ್ಲುವುದು. ಇಷ್ಟು ಸ್ವಲ್ಪ ತಗ್ಗಿಸಿದುದಕ್ಕೆ ಕಾಲವು ನಾಲ್ಕು ಪಟ್ಟಾಯಿತು!

ಆದರೆ ಸುತ್ತಲೂ ಗದ್ದಲವಿರುವಾಗ ತಗ್ಗಿಸಿದರೆ ಹಾಡು ಕೇಳಬೇಕಲ್ಲ ಎಂದು ನೀವು ಕೇಳುವಿರಿ. ಇಯರ್‌ಬಡ್‌ನ ಆಯ್ಕೆಗೆ ಅರ್ಥ ಬರುವುದು ಇಲ್ಲಿಯೇ. ಹೊರಗಿನ ಗದ್ದಲವನ್ನು ಹೊರಗೆಯೇ ನಿಲ್ಲಿಸಿ, ಸಣ್ಣ ದನಿಯಲ್ಲಿಯೂ ಸ್ಪಷ್ಟವಾಗಿ ಕೇಳಿಸುವ ಸಾಧನವೇ ಒಳ್ಳೆಯ ಸಾಧನ. ದೊಡ್ಡದಾಗಿ ಕೂಗುವುದು ಅದರ ಗುಣವಲ್ಲ. ಈ ಒಂದು ಸೂತ್ರವನ್ನು ಹಿಡಿದರೆ ಉಳಿದುದೆಲ್ಲ ತಾನಾಗಿ ತಿಳಿಯುವುದು.

3. ಕೊಳ್ಳುವ ಮೊದಲು ನೋಡತಕ್ಕ ಸಂಗತಿಗಳು

ಮೊದಲನೆಯದು, ಹೊಂದಿಕೆ. ಕಿವಿಯ ನಾಳವು ಒಬ್ಬರಿಂದೊಬ್ಬರಿಗೆ ಬೇರೆ. ಒಬ್ಬರಲ್ಲಿಯೇ ಎಡಕಿವಿಗೂ ಬಲಕಿವಿಗೂ ಕೊಂಚ ಭೇದವಿರುವುದುಂಟು. ಆದುದರಿಂದ ಚಿಕ್ಕ, ನಡು, ದೊಡ್ಡ ಅಳತೆಗಳ ಮೆತ್ತನೆಯ ಸಿಲಿಕೋನ್ ತುದಿಗಳು ಪೊಟ್ಟಣದಲ್ಲಿವೆಯೇ ಎಂದು ನೋಡಬೇಕು. ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಹಾಕಿಕೊಂಡರೂ ತಪ್ಪಿಲ್ಲ. ಹೊಂದಿಕೆಯನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ತಂಬೂರಿಯ ಶ್ರುತಿಯನ್ನೋ ಮೃದಂಗವನ್ನೋ ಮೆಲ್ಲಗೆ ಹಚ್ಚಿರಿ. ಬಡ್ಡನ್ನು ಬೆರಳಿನಿಂದ ಹಗುರಾಗಿ ಒತ್ತಿದಾಗ ಮಂದ್ರದ ನಾದ ಒಮ್ಮೆಲೇ ತುಂಬಿಬಂದರೆ, ಒತ್ತದಿದ್ದಾಗ ಎಲ್ಲಿಯೋ ಸಂದಿನಿಂದ ಶಬ್ದ ಸೋರುತ್ತಿದೆಯೆಂದು ಅರ್ಥ. ಆಗ ಬೇರೆ ಅಳತೆಯ ತುದಿಯನ್ನು ಹಾಕಬೇಕು. ಶಬ್ದ ಸೋರುವ ಸಂದಿನಿಂದಲೇ ರೈಲಿನ ಗದ್ದಲವೂ ಒಳಗೆ ನುಗ್ಗುವುದು. 400 ರೂಪಾಯಿಯದು ಸರಿಯಾಗಿ ಹೊಂದಿದರೆ, ಹೊಂದದ 4,000 ರೂಪಾಯಿಯದಕ್ಕಿಂತ ಅದೇ ಕಿವಿಗೆ ಹಿತ. ಆದರೆ ನೋವಾಗುವಂತೆ ಒಳಗೆ ತುರುಕಕೂಡದು.

ಎರಡನೆಯದು, ತಂತಿಯದೋ ತಂತಿಯಿಲ್ಲದ್ದೋ ಎಂಬುದು. ತಂತಿಯಿರುವ ಇಯರ್‌ಫೋನ್ ಮುನ್ನೂರರಿಂದ ಐನೂರು ರೂಪಾಯಿಗೆ ದೊರೆಯುವುದು. ಅದಕ್ಕೆ ಚಾರ್ಜ್ ಬೇಡ, ಒಂದು ಕಿವಿಯದು ಉದುರಿ ಹಳಿಯ ಮೇಲೆ ಬೀಳುವ ಭಯವೂ ಕಡಿಮೆ. ಕೊಳ್ಳುವ ಮೊದಲು ನಿಮ್ಮ ಮನೆಯ ಫೋನಿನಲ್ಲಿ ದುಂಡನೆಯ ರಂಧ್ರವಿದೆಯೇ ಅಥವಾ ಟೈಪ್-ಸಿ ಮಾತ್ರವಿದೆಯೇ ಎಂದು ನೋಡಿಕೊಳ್ಳಬೇಕು. ತಂತಿಯಿಲ್ಲದವುಗಳಲ್ಲಿ ಬಳಸತಕ್ಕವು ಸಾಮಾನ್ಯವಾಗಿ ಸಾವಿರದಿಂದ ಎರಡು ಸಾವಿರ ರೂಪಾಯಿಯ ಒಳಗೆ ಸಿಗುತ್ತವೆ. ಅವುಗಳೊಳಗಿನ ಪುಟ್ಟ ಬ್ಯಾಟರಿಯು ವರ್ಷಗಳು ಕಳೆದಂತೆ ಸೊರಗುವುದು. ಅದನ್ನು ಬದಲಿಸುವುದು ಸಾಮಾನ್ಯವಾಗಿ ಆಗದ ಕೆಲಸ. 400 ರೂಪಾಯಿಯದು ಎರಡು ವರ್ಷ ಬಂದರೆ ವರ್ಷಕ್ಕೆ 200 ರೂಪಾಯಿ ಬಿದ್ದಿತು. 1,500 ರೂಪಾಯಿಯದು ಎರಡು ವರ್ಷ ಬಂದರೆ 750 ಬಿದ್ದಿತು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ತಂತಿಯದನ್ನು ಹಾಕಿಕೊಂಡವನು ಗೆಳೆಯರ ನಡುವೆ ನಾಚಬೇಕಾದುದಿಲ್ಲ.

ಮೂರನೆಯದು, ಪೊಟ್ಟಣದ ಮೇಲಿನ ಅಕ್ಷರಗಳು. ಇಲ್ಲಿ ಅನೇಕರು ಮೋಸಹೋಗುವರು. ‘ಎ.ಎನ್.ಸಿ.’ ಎಂದಿದ್ದರೆ, ಹೊರಗಿನ ಗದ್ದಲವನ್ನು ಮೈಕಿನಿಂದ ಗ್ರಹಿಸಿ ಅದಕ್ಕೆ ಸರಿಯಾಗಿ ವಿರುದ್ಧವಾದ ಅಲೆಯನ್ನು ಹುಟ್ಟಿಸಿ ತಗ್ಗಿಸುವ ಏರ್ಪಾಡು ಇದೆಯೆಂದು ಅರ್ಥ. ಒಂದು ಅಲೆಯ ಉಬ್ಬು ಇನ್ನೊಂದರ ತಗ್ಗಿಗೆ ಸೇರಿ ಎರಡೂ ಅಡಗುವುವು. ಜರ್ಮನಿಯ ಪಾಲ್ ಲೂಗ್ ಎಂಬಾತನಿಗೆ ಈ ತತ್ತ್ವಕ್ಕಾಗಿ ಅಮೆರಿಕದ ಪೇಟೆಂಟು ದೊರೆತುದು 1936ರಲ್ಲಿ. ಇದು ರೈಲಿನ ಗುಡುಗುಡು, ಫ್ಯಾನಿನ ಮೊರೆತ ಮುಂತಾದ ಒಂದೇ ಸಮನಾದ ಮಂದ್ರ ಶಬ್ದಗಳನ್ನು ಚೆನ್ನಾಗಿ ತಗ್ಗಿಸುವುದು. ಮಾತು, ಸೀಟಿ ಮೊದಲಾದವುಗಳನ್ನು ಅಷ್ಟಾಗಿ ತಗ್ಗಿಸದು. ‘ಇ.ಎನ್.ಸಿ.’ ಎಂಬುದು ಬೇರೆಯೇ. ಅದು ನೀವು ಫೋನಿನಲ್ಲಿ ಮಾತನಾಡುವಾಗ ನಿಮ್ಮ ಸುತ್ತಲಿನ ಗದ್ದಲವು ಆ ಕಡೆಯವರಿಗೆ ಕೇಳದಂತೆ ಮಾಡುವುದು. ನಿಮ್ಮ ಕಿವಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಒಂದೇ ಅಕ್ಷರದ ಭೇದದಲ್ಲಿ ಬೇಕಾದ ವಸ್ತುವೇ ಬೇರೆಯಾಯಿತು ನೋಡಿರಿ.

ಅಂತೆಯೇ ‘40 ಗಂಟೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಅದು ಸಾಮಾನ್ಯವಾಗಿ ಡಬ್ಬಿಯಲ್ಲಿ ಕೂಡಿಟ್ಟ ಚಾರ್ಜನ್ನೂ ಸೇರಿಸಿ ಹೇಳಿದ ಲೆಕ್ಕ. ಕಿವಿಯಲ್ಲಿಟ್ಟುದು ಒಂದು ಸಲಕ್ಕೆ ಎಷ್ಟು ಗಂಟೆ ಬರುವುದೆಂಬುದನ್ನು ಸಣ್ಣಕ್ಷರದಲ್ಲಿ ಹುಡುಕಬೇಕು. ಒಳಗಿನ ಧ್ವನಿಫಲಕವು 10 ಮಿಲಿಮೀಟರೋ 13 ಮಿಲಿಮೀಟರೋ ಎಂಬ ಅಂಕಿಯಿಂದ ಮಾತ್ರವೇ ನಾದದ ಗುಣ ತಿಳಿಯದು. ‘ಹೆಚ್ಚು ಬೇಸ್’ ಎಂಬುದು ಪಾಠ ಕೇಳುವವರಿಗೆ ಪ್ರಯೋಜನವಿಲ್ಲದ ಗುಣ. ಮಂದ್ರವು ಅತಿಯಾದರೆ ಮಾತಿನ ವ್ಯಂಜನಗಳು ಮಸುಕಾಗುವುವು. ‘ಐ.ಪಿ.ಎಕ್ಸ್. 4’ ಎಂದಿದ್ದರೆ ಬೆವರು, ನೀರಿನ ಎರಚಲು ಇವುಗಳನ್ನು ತಾಳಬಲ್ಲುದು, ಮುಳುಗಿಸಿದರೆ ತಾಳದು. ನಮ್ಮ ಊರಿನ ಮಳೆಗಾಲಕ್ಕೆ ಇಷ್ಟಾದರೂ ಇರುವುದು ಒಳ್ಳೆಯದು. ತೇವವಿರುವಾಗ ಎಂದಿಗೂ ಚಾರ್ಜ್ ಮಾಡಕೂಡದು.

ನಾಲ್ಕನೆಯದು, ಎಲ್ಲಿ ಕೊಳ್ಳಬೇಕೆಂಬುದು. ಸ್ಟೇಷನ್ನಿನ ಹೊರಗೆ ಹಾದಿಯ ಪಕ್ಕದಲ್ಲಿ ಪ್ರಸಿದ್ಧ ಹೆಸರಿನ ನಕಲಿ ಮಾಲು ಅಗ್ಗಕ್ಕೆ ಸಿಗುವುದುಂಟು. ಲ್ಯಾಮಿಂಗ್ಟನ್ ರಸ್ತೆಯಂಥ ಪೇಟೆಗೆ ಹೋದರೂ ಬಿಲ್ಲು, ಒಂದು ವರ್ಷದ ವಾರಂಟಿ, ಭಾರತೀಯ ಮಾನಕ ಬ್ಯೂರೋದ ಗುರುತು ಇವುಗಳನ್ನು ಕೇಳಿ ಪಡೆಯಬೇಕು. ಬ್ಯಾಟರಿಯನ್ನು ಕಿವಿಯೊಳಗೆ ಇಟ್ಟುಕೊಳ್ಳುವೆವೆಂಬುದನ್ನು ಮರೆಯಬಾರದು.

4. ಎಲ್ಲರ ಕಿವಿಯೂ ಒಂದೇ ಅಲ್ಲ

ಈಗ ನಮ್ಮ ತಪ್ಪಿನ ಮಾತಿಗೆ ಬರುವೆವು. ಕೆಲವು ವರ್ಷಗಳ ಹಿಂದೆ ನಾವು ತರಗತಿಯಲ್ಲಿ ಕೇಳಿ ಬರೆಯುವ ಅಭ್ಯಾಸವನ್ನು ಕೊಟ್ಟಿದ್ದೆವು. ಅಣ್ಣತಂಗಿಯರ ಒಂದು ಸಂಭಾಷಣೆಯನ್ನು ಇಯರ್‌ಫೋನಿನಲ್ಲಿ ಕೇಳಿ, ಅದನ್ನು ಹಾಗೆಯೇ ಬರೆಯಬೇಕಾಗಿತ್ತು. ಒಬ್ಬ ಹುಡುಗನು ತಂಗಿಯ ಮಾತನ್ನು ಒಂದಕ್ಷರ ಬಿಡದೆ ಬರೆದು, ಅಣ್ಣನ ಮಾತಿನ ಜಾಗವನ್ನೆಲ್ಲ ಖಾಲಿ ಬಿಟ್ಟಿದ್ದನು. ಅರ್ಧ ಕೆಲಸ ಮಾಡಿ ಕುಳಿತಿರುವನೆಂದು ನಾವು ಎಲ್ಲರೆದುರಿಗೆ ಅವನನ್ನು ಗದರಿಸಿದೆವು. ಅವನು ತಲೆ ತಗ್ಗಿಸಿ ನಿಂತನು, ಏನೂ ಹೇಳಲಿಲ್ಲ. ಆಗ ಪಕ್ಕದಲ್ಲಿ ಕುಳಿತ ಹುಡುಗನು, “ಸರ್, ಎಡದ್ದನ್ನು ಬಲಕ್ಕೆ ಹಾಕಿ ಇನ್ನೊಮ್ಮೆ ಕೇಳಲಿ” ಎಂದನು. ಹಾಗೆ ಮಾಡಿದಾಗ ಹುಡುಗನು ಅಣ್ಣನ ಮಾತನ್ನೆಲ್ಲ ಬರೆದನು. ಈ ಸಲ ತಂಗಿಯ ಮಾತು ಖಾಲಿ ಉಳಿಯಿತು.

ಆ ಧ್ವನಿಮುದ್ರಣದಲ್ಲಿ ಅಣ್ಣನ ದನಿ ಬಲಕ್ಕೂ ತಂಗಿಯ ದನಿ ಎಡಕ್ಕೂ ಬರುವಂತೆ ಮಾಡಿದ್ದರು. ಹುಡುಗನ ಬಲಕಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವನಿಗೆ ಮಂಗನಬಾವು ಬಂದಿತ್ತೆಂದೂ, ಆ ರೋಗದಿಂದ ಹೀಗೆ ಒಂದು ಕಿವಿ ಹೋಗುವುದುಂಟೆಂದೂ ಆಮೇಲೆ ವೈದ್ಯರಿಂದ ತಿಳಿಯಿತು. ಇನ್ನೊಂದು ಕಿವಿ ಚೆನ್ನಾಗಿದ್ದುದರಿಂದ ಮನೆಯವರಿಗೂ ಗೊತ್ತಾಗಿರಲಿಲ್ಲ. ನಾವು ಅವನನ್ನು ಕರೆದು, “ಮೊದಲೇ ಏಕೆ ಹೇಳಲಿಲ್ಲ, ಮಗು?” ಎಂದು ಕೇಳಿದೆವು. “ಎಲ್ಲರಿಗೂ ಒಂದೇ ಕಿವಿ ಕೇಳುತ್ತದೆ ಅಂತ ತಿಳಿದಿದ್ದೆ, ಸರ್” ಎಂದನು. ಆ ಮಾತನ್ನು ಕೇಳಿದಂದಿನಿಂದ, ಹಿಂದಿನ ಬೆಂಚಿನ ಯಾವ ಮಗುವನ್ನೂ ‘ಗಮನವಿಲ್ಲದವನು’ ಎಂದು ಕರೆಯುವುದಕ್ಕೆ ನಮಗೆ ನಾಲಿಗೆ ಏಳುವುದಿಲ್ಲ.

ಆ ಹುಡುಗನಿಗೆ ಬೇಕಾಗಿದ್ದ ಉಪಾಯಕ್ಕೆ ಒಂದು ಪೈಸೆಯೂ ಬೇಕಾಗಲಿಲ್ಲ. ಈಗಿನ ಫೋನುಗಳ ‘ಆಕ್ಸೆಸಿಬಿಲಿಟಿ’ ವಿಭಾಗದಲ್ಲಿ ‘ಮೋನೋ ಆಡಿಯೋ’ ಎಂಬ ಏರ್ಪಾಡಿದೆ. ಅದನ್ನು ಹಾಕಿದರೆ ಎರಡು ಬದಿಯ ಧ್ವನಿಗಳೂ ಕೂಡಿ ಎರಡು ಕಿವಿಗೂ ಒಂದೇ ಆಗಿ ಬರುವುದು. ಒಂದೇ ಕಿವಿ ಕೇಳುವವರು ತಂತಿಯಿಲ್ಲದುದನ್ನು ಕೊಳ್ಳುವುದಾದರೆ, ಒಂದು ಬಡ್ಡು ಮಾತ್ರವೇ ಕೆಲಸ ಮಾಡಬಲ್ಲುದೇ ಎಂದು ವಿಚಾರಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಉಳಿದಿರುವ ಆ ಒಂದು ಕಿವಿಯನ್ನು ಇಮ್ಮಡಿ ಜೋಪಾನ ಮಾಡಬೇಕು.

ಇನ್ನು ಮನೆಯ ಹಿರಿಯರು. ಅಜ್ಜನಿಗೆ ಟಿ.ವಿ. ಕೇಳಿಸುವುದಿಲ್ಲವೆಂದು ಅವರ ಕಿವಿಗೆ ಇಯರ್‌ಬಡ್ ಇಟ್ಟು ಧ್ವನಿಯನ್ನು ಏರಿಸುವ ಮೊಮ್ಮಕ್ಕಳಿದ್ದಾರೆ. ಅಜ್ಜನು, “ಶಬ್ದ ಬರುತ್ತದೆ, ಮಾತು ತಿಳಿಯುವುದಿಲ್ಲ” ಎನ್ನುವರು. ಇದು ಅವರ ಮೊಂಡುತನವಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಏರಿದ ಶ್ರುತಿಯ ಶಬ್ದಗಳನ್ನು ಗ್ರಹಿಸುವ ರೋಮಕೋಶಗಳು. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಬಹುಮಟ್ಟಿಗೆ ಆ ಏರಿದ ಶ್ರುತಿಯಲ್ಲಿಯೇ ಇರುವುದು; ಸ್ವರಗಳ ಬಲವು ತಗ್ಗಿನ ಶ್ರುತಿಯಲ್ಲಿ. ಆದುದರಿಂದ ಕಾಲು, ಸಾಲು, ಹಾಲು ಎಲ್ಲವೂ ಅವರಿಗೆ ‘ಆಲು’ ಎಂದೇ ಕೇಳುವುವು. ಸಾಮಾನ್ಯ ಇಯರ್‌ಬಡ್ ಕೇಳುವ ಸ್ವರವನ್ನೂ ಕೇಳದ ವ್ಯಂಜನವನ್ನೂ ಒಂದೇ ಸಮನಾಗಿ ಏರಿಸುವುದು. ಕೇಳುವುದು ಕೂಗಾಗುವುದು, ಕೇಳದುದು ಕೇಳದೆಯೇ ಉಳಿಯುವುದು. ಶ್ರವಣಸಾಧನವಾದರೋ ಆಯಾ ಮನುಷ್ಯನ ಕಿವಿಯನ್ನು ಪರೀಕ್ಷಿಸಿ, ಯಾವ ಶ್ರುತಿ ಎಷ್ಟು ಕುಂದಿದೆಯೋ ಅದನ್ನು ಅಷ್ಟೇ ಏರಿಸುವಂತೆ ಹೊಂದಿಸಿದ ಉಪಕರಣ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಲ್ಪ ಹಾಗೂ ಮಧ್ಯಮ ಶ್ರವಣದೋಷವಿರುವ ವಯಸ್ಕರಿಗಾಗಿ ಒಂದು ಬೆಲೆಯುಳ್ಳ ಇಯರ್‌ಬಡ್ಡನ್ನು ಶ್ರವಣಸಾಧನವಾಗಿ ಬಳಸುವ ತಂತ್ರಾಂಶಕ್ಕೆ ಒಪ್ಪಿಗೆ ಕೊಟ್ಟಿತು. ಇದರಿಂದ ಸಾವಿರ ರೂಪಾಯಿಯ ಎಲ್ಲ ಬಡ್ಡುಗಳೂ ಶ್ರವಣಸಾಧನಗಳಾದುವೆಂದು ತಿಳಿಯಕೂಡದು. ಅಜ್ಜನಿಗೆ ಮೊದಲು ಬೇಕಾದುದು ಕಿವಿಯ ಪರೀಕ್ಷೆ.

ಪರೀಕ್ಷೆಗೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಬಾಂದ್ರಾದಲ್ಲಿಯೇ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ರಜೆಯಲ್ಲಿ ಊರಿಗೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅದರ ಸ್ಥಾಪನೆ 1965ರಲ್ಲಿ ಆಯಿತು. ಎರಡೂ ಕೇಂದ್ರ ಸರಕಾರದ ಸಂಸ್ಥೆಗಳು. ಆದಾಯ ಕಡಿಮೆಯಿರುವ ಕುಟುಂಬಗಳಿಗೆ ಸಹಾಯಸಾಧನಗಳನ್ನು ಒದಗಿಸುವ ಕೇಂದ್ರದ ‘ಅಡಿಪ್’ ಯೋಜನೆಯಲ್ಲಿ ಶ್ರವಣಸಾಧನವೂ ಸೇರಿದೆ.

ಕಿವಿ ಸೋರುವವರು, ಕಿವಿಯಲ್ಲಿ ನೋವು ಅಥವಾ ತುರಿಕೆ ಇರುವವರು ಒಳಗೆ ತೂರಿಸುವ ಬಡ್ಡನ್ನು ವೈದ್ಯರು ಹೇಳುವವರೆಗೆ ಮುಟ್ಟಬಾರದು. ಅಂಥವರಿಗಾಗಿ ಕಿವಿಯ ಮೇಲೆ ಕೂರುವ ಹೆಡ್‌ಫೋನುಗಳಿವೆ. ಕೆನ್ನೆಯ ಎಲುಬಿನ ಮೂಲಕ ಅದಿರನ್ನು ನೇರವಾಗಿ ಒಳಕಿವಿಗೆ ಮುಟ್ಟಿಸುವ ಸಾಧನಗಳೂ ಬಂದಿವೆ. ಇವುಗಳಲ್ಲಿ ಕಿವಿಯ ನಾಳ ತೆರೆದೇ ಇರುವುದರಿಂದ ಹೊರಗಿನ ಶಬ್ದವೂ ಕೇಳುವುದು. ಆದರೆ ಕೊನೆಗೆ ಅದಿರು ಮುಟ್ಟುವುದು ಅದೇ ಕಾಕ್ಲಿಯಕ್ಕೆ. ಅತಿಯಾದರೆ ಇದರಿಂದಲೂ ಕೇಡೇ. ಕಿವಿಯಲ್ಲಿ ಸದಾ ‘ಗುಂಯ್’ ಎನ್ನುವವರು ಅದನ್ನು ಅಡಗಿಸಲು ಹಾಡನ್ನು ಜೋರಾಗಿ ಹಚ್ಚಬಾರದು, ವೈದ್ಯರನ್ನು ಕಾಣಬೇಕು.

5. ಕೊಂಡ ಮೇಲೆ ಪಾಲಿಸತಕ್ಕ ನಿಯಮಗಳು

(ಅ) ಫೋನಿನ ಧ್ವನಿಯನ್ನು ಪೂರ್ಣದ ಶೇಕಡಾ 60ನ್ನು ಮೀರಿಸಬೇಡಿರಿ. ಅನೇಕ ಫೋನುಗಳಲ್ಲಿ ಈ ಮಿತಿಯನ್ನು ಮೊದಲೇ ಗೊತ್ತುಮಾಡಿಡಬಹುದು.

(ಆ) ಒಂದು ತೋಳಿನ ದೂರದಲ್ಲಿರುವವರು ಸಾಮಾನ್ಯವಾಗಿ ಆಡಿದ ಮಾತು ನಿಮಗೆ ತಿಳಿಯದೆ ಹೋದರೆ, ಅಥವಾ ನಿಮ್ಮ ಹಾಡು ಅವರಿಗೆ ಕೇಳಿದರೆ, ಧ್ವನಿ ಹೆಚ್ಚಾಗಿದೆಯೆಂದು ತಿಳಿದು ತಗ್ಗಿಸಿರಿ.

(ಇ) ಪ್ಲಾಟ್‌ಫಾರಂ, ರಸ್ತೆ, ರೈಲಿನ ಬಾಗಿಲು, ಈ ಮೂರು ಕಡೆಗಳಲ್ಲಿ ಎರಡನ್ನೂ ಕಿವಿಯಿಂದ ತೆಗೆದು ಜೇಬಿನಲ್ಲಿಡಿರಿ. ಹಿಂದಿನಿಂದ ಬರುವ ಗಾಡಿಯನ್ನು ಕಣ್ಣು ಕಾಣದು, ಕಿವಿಯೇ ಕಾಣಬೇಕು. ಹಳಿಯನ್ನಂತೂ ಇಯರ್‌ಬಡ್ ಇರಲಿ ಇಲ್ಲದಿರಲಿ ದಾಟಲೇಕೂಡದು, ಸೇತುವೆಯನ್ನು ಹತ್ತಿರಿ.

(ಈ) ಒಬ್ಬರದನ್ನು ಒಬ್ಬರು ಹಾಕಿಕೊಳ್ಳಬೇಡಿರಿ. ವಾರಕ್ಕೊಮ್ಮೆ ತುದಿಯನ್ನು ಕಳಚಿ ತೊಳೆದು, ಪೂರ್ತಿ ಒಣಗಿಸಿ ಹಾಕಿರಿ. ಕಡ್ಡಿಯಿಂದ ಕಿವಿಯ ಗುಗ್ಗೆಯನ್ನು ತೆಗೆಯಬೇಡಿರಿ. ಅದು ಒಳಕ್ಕೆ ಸರಿಯುವುದು.

(ಉ) ಒಂದು ಗಂಟೆ ಕೇಳಿದ ಮೇಲೆ ಕಿವಿಗೆ ಸ್ವಲ್ಪ ವಿರಾಮ ಕೊಡಿರಿ. ಕಿವಿಯಲ್ಲಿಟ್ಟುಕೊಂಡೇ ನಿದ್ರೆ ಹೋಗಬೇಡಿರಿ.

6. ಅಭ್ಯಾಸ

(1) ಒಬ್ಬ ಹುಡುಗಿಯು ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಆರು ದಿನ 87 ಡೆಸಿಬೆಲಿನಲ್ಲಿ ಹಾಡು ಕೇಳುವಳು. ಮಕ್ಕಳ ಮಿತಿಯನ್ನು ಅವಳು ದಾಟಿದಳೇ? ಮೂರು ಡೆಸಿಬೆಲ್ ತಗ್ಗಿಸಿದರೆ ಏನಾಗುವುದು?

(2) ನಿಮ್ಮ ಮನೆಯ ಫೋನಿನಲ್ಲಿ ‘ಮೋನೋ ಆಡಿಯೋ’ ಎಲ್ಲಿದೆಯೆಂದು ಹುಡುಕಿ, ಹೋಗುವ ದಾರಿಯನ್ನು ಬರೆದಿಡಿರಿ.

(3) ಸದ್ದಿಲ್ಲದ ಕೋಣೆಯಲ್ಲಿ ಸಣ್ಣ ದನಿಯ ಒಂದು ಕಥೆಯನ್ನು ಮೊದಲು ಎಡಕಿವಿಯಿಂದಲೂ ಬಳಿಕ ಬಲಕಿವಿಯಿಂದಲೂ ಕೇಳಿರಿ. ಎರಡೂ ಒಂದೇ ಸಮನಾಗಿ ಕೇಳುವುವೇ? ಭೇದವಿದ್ದರೆ ತಂದೆತಾಯಿಗಳಿಗೂ ನಮಗೂ ತಿಳಿಸಿರಿ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

(4) ಮನೆಯ ಹಿರಿಯರ ಹಿಂದೆ ನಿಂತು ಕಾಲು, ಸಾಲು, ಹಾಲು ಎಂದು ಮೆಲ್ಲಗೆ ಹೇಳಿರಿ. ಅವರಿಗೆ ಏನು ಕೇಳಿತೆಂದು ಬರೆದುಕೊಳ್ಳಿರಿ. ಅವರನ್ನು ನಗಬೇಡಿರಿ.

ಮಿತ್ರರೆ, ಯಾವ ಇಯರ್‌ಬಡ್ ಕೊಳ್ಳಬೇಕೆಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ನಿಮ್ಮ ಕಿವಿಗೆ ಹೊಂದುವುದು, ಹೊರಗಿನ ಗದ್ದಲವನ್ನು ತಡೆಯುವುದು, ಸಣ್ಣ ದನಿಯಲ್ಲಿ ಮಾತು ಸ್ಪಷ್ಟವಾಗಿ ಕೇಳುವುದು, ತಂದೆಯ ಕೈಗೆ ಭಾರವಾಗದುದು. ಇಂಥದು ಕೆಟ್ಟುಹೋದರೆ ಇನ್ನೊಂದನ್ನು ಕೊಳ್ಳಬಹುದು. ಕಿವಿಗೆ ಅಂಗಡಿಯಿಲ್ಲ.

ಆ ಒಂದೇ ಕಿವಿಯ ಹುಡುಗನನ್ನು ನಾವು ಆಮೇಲೆ ಬಲಬದಿಯ ಗೋಡೆಯ ಪಕ್ಕದಲ್ಲಿ ಕೂರಿಸಿದೆವು. ಅಲ್ಲಿ ಅವನ ಎಡಕಿವಿ ತರಗತಿಯೆಲ್ಲದರ ಕಡೆಗೆ ತಿರುಗಿರುತ್ತಿತ್ತು. ವರ್ಷದ ಕೊನೆಯ ಕೇಳಿ ಬರೆಯುವ ಪರೀಕ್ಷೆಯಲ್ಲಿ ಅವನ ಹಾಳೆಯಲ್ಲಿ ಖಾಲಿ ಜಾಗವಿರಲಿಲ್ಲ. ನಿಮ್ಮಲ್ಲಿ ಯಾರ ಹಾಳೆಯೂ ಹಾಗೆ ಖಾಲಿ ಉಳಿಯದಿರಲೆಂದು ಹಾರೈಸಿ ಈ ಪಾಠವನ್ನು ಮುಗಿಸುವೆವು.